ಚಿಕ್ಕಮಗಳೂರಿನ ಹಳೆಯ ಪೇಟೆಯನ್ನು ನೋಡುವ ಕ್ರಮ

ಚಿಕ್ಕಮಗಳೂರಿಗೆ ಬರುವ ಪ್ರವಾಸಿಗರಲ್ಲಿ ಹೆಚ್ಚಿನವರು ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ, ಕೆಮ್ಮಣ್ಣುಗುಂಡಿ ಎಂದು ನೇರವಾಗಿ ಬೆಟ್ಟದ ದಾರಿ ಹಿಡಿಯುತ್ತಾರೆ; ಉಳಿದವರು ಬೇಲೂರು, ಹಳೇಬೀಡುಗಳ ಕಡೆಗೆ ಹೊರಟವರು, ಊರೊಳಗೆ ಒಂದು ಊಟ ಮುಗಿಸಿಕೊಂಡು ಮುಂದೆ ಸಾಗುತ್ತಾರೆ. ಇಬ್ಬರ ಪಾಲಿಗೂ ಪೇಟೆಯೆಂದರೆ ಕಾರು ನಿಲ್ಲಿಸಲು ಜಾಗ ಸಿಗದ ಇಕ್ಕಟ್ಟಿನ ಬೀದಿ. ಎಂ.ಜಿ. ರಸ್ತೆ, ಮಾರ್ಕೆಟ್ ರಸ್ತೆ, ಇಂದಿರಾ ಗಾಂಧಿ ರಸ್ತೆ ಮತ್ತು ಅವುಗಳ ಆಸುಪಾಸಿನ ಅಡ್ಡರಸ್ತೆಗಳಿಗೆ ಅರ್ಧ ದಿನವನ್ನಾದರೂ ಬಿಡುವು ಮಾಡಿಕೊಂಡು ಬಂದರೆ, ಬೆಟ್ಟದ ಮೇಲೆ ಬೆಳೆದದ್ದು ಎಲ್ಲಿ ಹಣವಾಗುತ್ತದೆ, ಆ ಹಣ ಯಾವ ಅಂಗಡಿಯ ಹೊಸಿಲು ದಾಟುತ್ತದೆ ಎಂಬುದು ಕಣ್ಣಿಗೆ ಕಾಣುತ್ತದೆ. ಬೆಟ್ಟ ನೋಡಿದವರಿಗೆ ಪೇಟೆಯನ್ನೂ ನೋಡುವ ಕ್ರಮವನ್ನು ತಿಳಿಸುವುದು ಈ ಬರಹದ ಉದ್ದೇಶ.

ಮೊದಲೇ ಒಂದು ಮಾತು ಹೇಳಬೇಕು. ಪಣಜಿಯ ಫೌಂಟೇನ್ಹಾಸ್ ಬಡಾವಣೆಯಂತೆ ಬೀದಿಗೆ ಬೀದಿಯೇ ಬಣ್ಣ ಬಳಿದುಕೊಂಡು ನಿಂತಿರುವ ಜಾಗ ಇದಲ್ಲ. ಇಲ್ಲಿ ಹಳೆಯ ಕಟ್ಟಡಗಳ ದುರಸ್ತಿಯೂ ನವೀಕರಣವೂ ಒಂದೊಂದು ಅಂಗಡಿಯ ಮಟ್ಟದಲ್ಲಿ, ಮಾಲೀಕರ ಶಕ್ತಿಗೆ ಮತ್ತು ಅಭಿರುಚಿಗೆ ತಕ್ಕಂತೆ ನಡೆಯುತ್ತವೆ. ಹೆಂಚಿನ ಮಾಡು ಉಳಿಸಿಕೊಂಡ ಮಳಿಗೆಯ ಪಕ್ಕದಲ್ಲೇ ಗಾಜು ಹೊದ್ದ ಮೂರಂತಸ್ತಿನ ಕಟ್ಟಡ ಇರಬಹುದು. ಆದ್ದರಿಂದ ಇಲ್ಲಿಗೆ ಬರುವವರು ಚಿತ್ರ ತೆಗೆಯಲು ಸಿದ್ಧವಾಗಿ ಕುಳಿತ ದೃಶ್ಯವನ್ನು ನಿರೀಕ್ಷಿಸಬಾರದು, ಗಿರಾಕಿಗಳಾಗಿ ಬರಬೇಕು. ಹೆಂಚಿನ ಕಟ್ಟಡವನ್ನು ಉಳಿಸಲು ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸಬೇಕು, ಒಡೆದದ್ದನ್ನು ಬದಲಿಸಬೇಕು, ಹೆಂಚಿನ ಕೆಳಗಿನ ಮರದ ಪಟ್ಟಿಗೆ, ಅಂದರೆ ರೀಪಿಗೆ, ಗೆದ್ದಲು ಹಿಡಿದಿದ್ದರೆ ತೆಗೆಸಬೇಕು. ಈ ಖರ್ಚು ಅಂಗಡಿಯ ವ್ಯಾಪಾರದಿಂದಲೇ ಹುಟ್ಟಬೇಕು. ವ್ಯಾಪಾರ ಕುಸಿದ ದಿನ ಕಟ್ಟಡವೂ ಕುಸಿಯುತ್ತದೆ, ಇಲ್ಲವೇ ಮಾರಾಟವಾಗಿ ನೆಲಸಮವಾಗುತ್ತದೆ. ಹಳೆಯ ಪೇಟೆಯ ಮೇಲೆ ಪ್ರೀತಿ ಇರುವವರು ಅದನ್ನು ತೋರಿಸುವ ದಾರಿ ಅಲ್ಲಿ ಏನನ್ನಾದರೂ ಕೊಳ್ಳುವುದೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮುಂದೆ ಹೇಳುವುದೆಲ್ಲವೂ ಅದನ್ನು ಆಧರಿಸಿದೆ.

ಯಾವ ದಿನ, ಯಾವ ಹೊತ್ತು

ವಾರಾಂತ್ಯವನ್ನು ಬಿಟ್ಟು ಬನ್ನಿ. ಶನಿವಾರ, ಭಾನುವಾರಗಳಲ್ಲಿ ಬೆಟ್ಟಕ್ಕೆ ಹೋಗುವ ವಾಹನಗಳ ಸಾಲು ಊರೊಳಗೂ ಚಾಚಿಕೊಂಡಿರುತ್ತದೆ, ಭಾನುವಾರ ಹಲವು ಹಳೆಯ ಅಂಗಡಿಗಳು ಬಾಗಿಲು ತೆರೆಯುವುದೂ ಇಲ್ಲ. ಸೋಮವಾರ, ಮಂಗಳವಾರ ಅಥವಾ ಗುರುವಾರ ಬಂದರೆ ಅಂಗಡಿಯವರಿಗೂ ಮಾತನಾಡಲು ಪುರುಸೊತ್ತು ಇರುತ್ತದೆ. ಬುಧವಾರ ಸಂತೆಯ ದಿನ. ಅದರ ಸೊಗಸು ಬೇರೆ, ಅದನ್ನು ಮುಂದೆ ವಿವರವಾಗಿ ಹೇಳುತ್ತೇನೆ. ಶುಕ್ರವಾರ ಮಧ್ಯಾಹ್ನ ಜುಮ್ಮಾ ನಮಾಜಿನ ಹೊತ್ತಿಗೆ ಮುಸ್ಲಿಂ ವ್ಯಾಪಾರಿಗಳ ಅಂಗಡಿಗಳು ಸ್ವಲ್ಪ ಕಾಲ ಮುಚ್ಚಿರುತ್ತವೆ; ಕೆಲವು ಹಳೆಯ ಮಳಿಗೆಗಳ ಯಜಮಾನರು ಪ್ರತಿದಿನವೂ ಮಧ್ಯಾಹ್ನದ ಊಟಕ್ಕೆ ಬಾಗಿಲು ಹಾಕಿಕೊಂಡು ಹೋಗುವ ರೂಢಿಯನ್ನು ಇಂದಿಗೂ ಬಿಟ್ಟಿಲ್ಲ. ಹೀಗಾಗಿ ಬೆಳಿಗ್ಗೆ ಹತ್ತೂವರೆಯಿಂದ ಒಂದು ಗಂಟೆಯವರೆಗೆ, ಆಮೇಲೆ ಸಂಜೆ ನಾಲ್ಕೂವರೆಯಿಂದ ದೀಪ ಹಚ್ಚುವವರೆಗೆ ಎಂದು ಎರಡು ಸುತ್ತುಗಳನ್ನಾಗಿ ಮಾಡಿಕೊಳ್ಳುವುದು ಒಳ್ಳೆಯದು. ನಡುವಿನ ಬಿಸಿಲಿನ ಹೊತ್ತನ್ನು ಕಾಫಿ ಮಂಡಳಿಯು ಊರಿನಲ್ಲಿ ನಡೆಸುವ ‘ಕಾಫಿ ಯಾತ್ರಾ’ ಸಂಗ್ರಹಾಲಯಕ್ಕೆ ಇಟ್ಟುಕೊಳ್ಳಬಹುದು; ಅದು ಆ ದಿನ ತೆರೆದಿರುತ್ತದೆಯೇ ಎಂದು ಹೊರಡುವ ಮುಂಚೆಯೇ ವಿಚಾರಿಸಿಕೊಳ್ಳಿ. ಗಿಡ, ಕೊಯ್ಲು, ಹದ ಮಾಡುವ ಕ್ರಮ ಇವನ್ನು ಅಲ್ಲಿ ನೋಡಿಕೊಂಡು ಬಂದು ಸಂಜೆ ಕಾಫಿ ಅಂಗಡಿಗೆ ಹೋದವರು ಕೇಳುವ ಪ್ರಶ್ನೆಗಳೇ ಬೇರೆಯಾಗಿರುತ್ತವೆ.

ಋತುವಿನ ವಿಷಯದಲ್ಲಿ ನನ್ನ ಆಯ್ಕೆ ಜನವರಿ, ಫೆಬ್ರವರಿ. ಅರೇಬಿಕಾ ಜಾತಿಯ ಕಾಫಿಯ ಕೊಯ್ಲು ಮುಗಿಯುತ್ತಾ ರೊಬಸ್ಟಾ ಜಾತಿಯದರ ಕೊಯ್ಲು ನಡೆಯುವ ಆ ತಿಂಗಳುಗಳಲ್ಲಿ ತೋಟದ ಜನರ ಓಡಾಟ ಹೆಚ್ಚು, ಕಾಳುಮೆಣಸೂ ಹೊಸದಾಗಿ ಬಂದಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ನಡೆಯುವುದು ಕಷ್ಟವಾದರೂ ಪೇಟೆಯ ಇನ್ನೊಂದು ಮುಖ ಕಾಣುತ್ತದೆ: ಗಂಬೂಟು, ಟಾರ್ಪಾಲು, ಕೊಡೆ, ಕಂಬಳಿಗಳು ಅಂಗಡಿಯ ಮುಂಭಾಗಕ್ಕೆ ಬಂದು ತೂಗುತ್ತವೆ, ಮತ್ತು ಹಳೆಯ ಕಟ್ಟಡದ ಸೂರು ಏಕೆ ಅಷ್ಟು ಮುಂದಕ್ಕೆ ಚಾಚಿದೆ ಎಂಬುದನ್ನು ಯಾರೂ ವಿವರಿಸುವ ಅಗತ್ಯವಿರುವುದಿಲ್ಲ.

ತಲುಪುವುದು, ನಡೆಯುವುದು

ಬೆಂಗಳೂರಿನಿಂದ ಚಿಕ್ಕಮಗಳೂರಿಗೆ ಸುಮಾರು 245 ಕಿಲೋಮೀಟರ್. ಸರ್ಕಾರಿ ಬಸ್ಸುಗಳು ಸಾಕಷ್ಟಿವೆ. ರೈಲಿನಲ್ಲಿ ಬರುವವರು ಕಡೂರು ಜಂಕ್ಷನ್‌ನಲ್ಲಿ ಇಳಿದರೆ ಅಲ್ಲಿಂದ ಸುಮಾರು 40 ಕಿಲೋಮೀಟರ್ ಬಸ್ ಪ್ರಯಾಣ. ಕಡೂರಿನಿಂದ ಚಿಕ್ಕಮಗಳೂರಿಗೇ ರೈಲು ಮಾರ್ಗ 2013ರಲ್ಲಿ ಆರಂಭವಾಗಿದೆಯಾದರೂ ಅದರಲ್ಲಿ ಓಡುವ ಗಾಡಿಗಳು ಕಡಿಮೆ, ನಿಲ್ದಾಣವೂ ಪೇಟೆಯಿಂದ ದೂರ. ಸ್ವಂತ ವಾಹನದಲ್ಲಿ ಬಂದವರು ಅದನ್ನು ವಸತಿಗೃಹದಲ್ಲೇ ಬಿಟ್ಟು ಬರುವುದು ಎಲ್ಲರಿಗೂ ಉಪಕಾರ. ಸರ್ಕಾರಿ ಬಸ್ ನಿಲ್ದಾಣದಿಂದ ಪೇಟೆಗೆ ನಡೆದೇ ಹೋಗಬಹುದು. ವಯಸ್ಸಾದವರಿದ್ದರೆ ಆಟೋ ಹಿಡಿದು ಹನುಮಂತಪ್ಪ ವೃತ್ತದಲ್ಲಿ ಇಳಿಯಿರಿ. ಕಾಲುದಾರಿಗಳು ಎಲ್ಲ ಕಡೆಯೂ ಸಮತಟ್ಟಾಗಿಲ್ಲ, ಅಂಗಡಿಗಳ ಮೆಟ್ಟಿಲುಗಳು ದಾರಿಗೇ ಬಂದಿರುತ್ತವೆ; ಆದ್ದರಿಂದ ಹಿಡಿತವಿರುವ ಪಾದರಕ್ಷೆ ಹಾಕಿಕೊಂಡು ಬರಬೇಕು.

ಹನುಮಂತಪ್ಪ ವೃತ್ತದಿಂದ ಆರಂಭಿಸಿ ಎಂ.ಜಿ. ರಸ್ತೆಯಲ್ಲಿ ಒಂದು ಬದಿಯನ್ನಷ್ಟೇ ನೋಡುತ್ತಾ ಆಜಾದ್ ಪಾರ್ಕ್ ಕಡೆಗೆ ಹೋಗಿ, ಹಿಂದಿರುಗುವಾಗ ಇನ್ನೊಂದು ಬದಿಯನ್ನು ನೋಡಿ. ಎದುರು ಬದಿಯ ಕಟ್ಟಡದ ಮೇಲ್ಭಾಗ ಕಾಣುವುದು ಈ ಬದಿಯಲ್ಲಿ ನಡೆಯುವಾಗ ಎಂಬ ಸರಳ ಸತ್ಯವನ್ನು ನೆನಪಿಟ್ಟುಕೊಂಡರೆ ಸಾಕು, ಒಂದೇ ರಸ್ತೆ ಎರಡು ರಸ್ತೆಯಾಗುತ್ತದೆ. ಆಮೇಲೆ ಮಾರ್ಕೆಟ್ ರಸ್ತೆಗೆ ತಿರುಗಿ. ಅಲ್ಲಿ ತೆಂಗಿನಕಾಯಿ, ಹಗ್ಗ, ಬುಟ್ಟಿ, ಕತ್ತಿ, ಹಿತ್ತಾಳೆ ಸಾಮಾನು, ಪೂಜೆಯ ಸಾಮಗ್ರಿ ಹೀಗೆ ಊರಿನವರೇ ಕೊಳ್ಳುವ ಸರಕು ಹೆಚ್ಚು. ಪ್ರವಾಸಿಗರಿಗೆಂದು ಜೋಡಿಸಿಟ್ಟದ್ದು ಕಡಿಮೆ. ನನಗೆ ಕೇಳಿದರೆ ಈ ಪೇಟೆಯ ಜೀವ ಇರುವುದು ಇಲ್ಲಿಯೇ. ಇಂದಿರಾ ಗಾಂಧಿ ರಸ್ತೆಯನ್ನು ಕೊನೆಗೆ ಇಟ್ಟುಕೊಳ್ಳಿ. 1978ರ ಲೋಕಸಭಾ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರು ಇಲ್ಲಿಂದ ಸ್ಪರ್ಧಿಸಿ ವೀರೇಂದ್ರ ಪಾಟೀಲರನ್ನು ಸೋಲಿಸಿದಾಗ ಇಡೀ ದೇಶದ ಪತ್ರಕರ್ತರು ಈ ಪುಟ್ಟ ಊರಿಗೆ ಬಂದಿದ್ದರು. ಆ ಚುನಾವಣೆಯನ್ನು ಕಂಡ ಹಿರಿಯರು ಪೇಟೆಯಲ್ಲಿ ಇಂದಿಗೂ ಸಿಗುತ್ತಾರೆ, ಕೇಳಿದರೆ ಸಂತೋಷದಿಂದ ಹೇಳುತ್ತಾರೆ.

ಕಟ್ಟಡಗಳಲ್ಲಿ ಗಮನಿಸಬೇಕಾದದ್ದು

ಅಂಗಡಿಯ ಫಲಕಕ್ಕಿಂತ ಮೇಲೆ ನೋಡಿ. ನೆಲಮಟ್ಟದಲ್ಲಿ ಎಲ್ಲವೂ ಬದಲಾಗಿರುತ್ತದೆ, ಏಕೆಂದರೆ ಬಾಡಿಗೆದಾರರು ಬದಲಾದಂತೆಲ್ಲ ಮುಂಭಾಗವೂ ಬದಲಾಗುತ್ತದೆ. ಮೇಲಿನ ಅಂತಸ್ತನ್ನು ಮಾತ್ರ ಯಾರೂ ಮುಟ್ಟಿರುವುದಿಲ್ಲ. ಮರದ ಕಟಕಟೆ, ಕಮಾನಿನ ಕಿಟಕಿ, ಸೂರಿನ ಅಂಚಿನ ಮರದ ಕೆತ್ತನೆ, ಅಪರೂಪಕ್ಕೆ ಗಾರೆಯಲ್ಲಿ ಮೂಡಿಸಿದ ಇಸವಿ ಅಥವಾ ಮನೆತನದ ಹೆಸರು ಕಂಡರೆ ಆ ಕಟ್ಟಡಕ್ಕೆ ಸ್ವಲ್ಪ ಹೊತ್ತು ಕೊಡಿ. ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಲ್ಲಿ ಚಿಕ್ಕಮಗಳೂರು ಜಿಲ್ಲಾ ಕೇಂದ್ರವಾದ ಮೇಲೆ ಪೇಟೆ ಬೆಳೆಯತೊಡಗಿತು. ಜಿಲ್ಲೆಗೆ ಮಾತ್ರ 1947ರವರೆಗೂ ಕಡೂರು ಜಿಲ್ಲೆ ಎಂಬ ಹೆಸರೇ ಇತ್ತು ಎಂಬುದನ್ನು ಹಳೆಯ ದಾಖಲೆ, ಹಳೆಯ ಕಾಗದಗಳನ್ನು ಓದುವವರು ತಿಳಿದಿರಬೇಕು.

ಮಾಡಿನ ಮೇಲಿನ ಹೆಂಚು ಮಂಗಳೂರಿನದು. ಬಾಸೆಲ್ ಮಿಷನ್ ಸಂಸ್ಥೆ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಮೇಲೆ, ಒಂದರ ಅಂಚು ಇನ್ನೊಂದಕ್ಕೆ ಕಚ್ಚಿಕೊಳ್ಳುವ ಈ ಚಪ್ಪಟೆ ಹೆಂಚು ಘಟ್ಟ ಹತ್ತಿ ಬಂದು, ಅದುವರೆಗಿನ ನಾಡಹೆಂಚಿನ ಮತ್ತು ಹುಲ್ಲಿನ ಮಾಡುಗಳ ಜಾಗವನ್ನು ಹಿಡಿಯಿತು. ಹೆಂಚಿನ ಒಳಮೈಯಲ್ಲಿ ಕಾರ್ಖಾನೆಯ ಹೆಸರೋ ಗುರುತೋ ಒತ್ತಿರುತ್ತದೆ; ತೊಲೆ, ಜಂತೆಗಳು ತೆರೆದೇ ಇರುವ ಅಂಗಡಿಯೊಳಗೆ ನಿಂತು ತಲೆ ಎತ್ತಿದರೆ ಅದು ಕಾಣುವುದುಂಟು. ನಡುವೆ ಅಲ್ಲೊಂದು ಇಲ್ಲೊಂದು ಗಾಜಿನ ಹೆಂಚು ಇಟ್ಟು ಬೆಳಕು ಬರಿಸಿಕೊಂಡಿರುವುದನ್ನೂ ಗಮನಿಸಿ. ಬಾಗಿಲಿನ ಹತ್ತಿರ ಹೊಸಿಲಿನಲ್ಲಿಯೂ ಮೇಲಿನ ಪಟ್ಟಿಯಲ್ಲಿಯೂ ಉದ್ದುದ್ದ ತೋಡು ಕೊರೆದಿದ್ದರೆ ಅದು ಹಲಗೆ ಬಾಗಿಲಿನ ಗುರುತು: ರೋಲಿಂಗ್ ಶಟರ್ ಬರುವ ಮುಂಚೆ ಅಂಗಡಿಯವರು ಒಂದೊಂದೇ ಹಲಗೆಯನ್ನು ಆ ತೋಡಿನಲ್ಲಿ ಸರಿಸಿ ನಿಲ್ಲಿಸಿ, ಕೊನೆಯ ಹಲಗೆಗೆ ಅಡ್ಡಪಟ್ಟಿ ಹಾಕಿ ಬೀಗ ಹಾಕುತ್ತಿದ್ದರು. ಹಲಗೆಗಳು ಅದಲುಬದಲಾಗದಂತೆ ಅವುಗಳ ಮೇಲೆ ಅಂಕಿ ಬರೆದಿರುತ್ತಿತ್ತು.

ನವೀಕರಣವಾದ ಕಟ್ಟಡವನ್ನು ನೋಡಿದಾಗ ಅದು ಚೆನ್ನಾಗಿ ಆಗಿದೆಯೇ ಎಂದು ತೀರ್ಮಾನಿಸಲು ಗೋಡೆಯ ಬುಡವನ್ನು ನೋಡಬೇಕು. ಹಳೆಯ ಗೋಡೆಗಳು ಮಣ್ಣು, ಇಟ್ಟಿಗೆ ಮತ್ತು ಸುಣ್ಣದ ಗಾರೆಯವು. ಸುಣ್ಣ, ಮರಳುಗಳ ಜೊತೆಗೆ ಬೆಲ್ಲದ ನೀರು, ಅಳಲೆಕಾಯಿ ಕಷಾಯ ಸೇರಿಸಿ ಅರೆದ ಗಾರೆ ನೆಲದಿಂದ ಏರಿದ ತೇವವನ್ನು ಹೊರಕ್ಕೆ ಬಿಟ್ಟುಕೊಡುತ್ತದೆ. ಅಂಥ ಗೋಡೆಗೆ ಸಿಮೆಂಟು ಬಳಿದರೆ ತೇವ ಒಳಗೇ ಸಿಕ್ಕಿಕೊಂಡು, ಕೆಲವು ಮಳೆಗಾಲಗಳಲ್ಲಿ ಬುಡದಲ್ಲಿ ಉಪ್ಪು ಬಿಳುಪೇರಿ ಮೇಲ್ಪದರ ಹಪ್ಪಳೆ ಏಳುತ್ತದೆ, ತೊಲೆಯ ತುದಿ ಗೋಡೆಯೊಳಗೇ ಕೊಳೆಯುತ್ತದೆ. ಹೊಸ ಬಣ್ಣದ ಕೆಳಗೆ ಹಪ್ಪಳೆ ಎದ್ದ ಗೋಡೆ ಕಂಡರೆ ಅಲ್ಲಿ ಅಲಂಕಾರ ಆಗಿದೆ, ದುರಸ್ತಿ ಆಗಿಲ್ಲ ಎಂದು ತಿಳಿಯಿರಿ. ಮುಂಭಾಗಕ್ಕೆಲ್ಲ ಅಲ್ಯುಮಿನಿಯಂ ಹಾಳೆ ಹೊಡೆದು ಹಳೆಯ ಕಿಟಕಿಗಳನ್ನು ಮುಚ್ಚಿದ ಕಟ್ಟಡಗಳೂ ಸಿಗುತ್ತವೆ. ಅದನ್ನು ಕಂಡು ನೊಂದುಕೊಳ್ಳುವುದು ಸಹಜವಾದರೂ, ಹಾಳೆಯ ಹಿಂದೆ ಕಟ್ಟಡ ಇನ್ನೂ ಇದೆ, ಮುಂದೊಂದು ದಿನ ಅದನ್ನು ಬಿಚ್ಚಬಹುದು. ಕೆಡವಿದ್ದನ್ನು ಮಾತ್ರ ಮರಳಿ ಪಡೆಯಲಾಗದು. ದುರಸ್ತಿಯನ್ನು ಮುಂದಕ್ಕೆ ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಮೈಸೂರಿನ ಉದಾಹರಣೆಯೇ ಇದೆ: ಅಲ್ಲಿ 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು, 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿಯಿತು, ಆಮೇಲೆ ಉಳಿಸಬೇಕೇ ಕೆಡವಬೇಕೇ ಎಂಬ ವಾದ ವರ್ಷಗಟ್ಟಲೆ ನಡೆಯಿತು. ಅಂಥ ದೊಡ್ಡ ಮಾರುಕಟ್ಟೆಗೇ ಹೀಗಾದ ಮೇಲೆ, ಒಬ್ಬ ಸಣ್ಣ ವ್ಯಾಪಾರಿ ತನ್ನ ಮಳಿಗೆಯ ಮಾಡನ್ನು ಸ್ವಂತ ಖರ್ಚಿನಲ್ಲಿ ಉಳಿಸಿಕೊಂಡಿದ್ದರೆ ಅದಕ್ಕೆ ಒಂದು ಮೆಚ್ಚುಗೆಯ ಮಾತನ್ನಾದರೂ ಹೇಳಿ ಬರಬೇಕು.

ಕಾಫಿ ಪುಡಿ ಕೊಳ್ಳುವ ವಿಧಾನ

ಈ ಪೇಟೆಯಲ್ಲಿ ಒಂದೇ ಒಂದು ವಸ್ತುವನ್ನು ಕೊಳ್ಳುವುದಾದರೆ ಅದು ಕಾಫಿ ಪುಡಿಯೇ ಆಗಿರಲಿ. ಹದಿನೇಳನೇ ಶತಮಾನದಲ್ಲಿ ಬಾಬಾಬುಡನ್ ಎಂಬ ಸೂಫಿ ಸಂತರು ಯೆಮನ್‌ನಿಂದ ಏಳು ಕಾಫಿ ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರು ಎಂಬ ಕಥೆಯನ್ನು ಪ್ರವಾಸಿಗರೆಲ್ಲ ಕೇಳಿರುತ್ತಾರೆ. ಪೇಟೆಯ ಮಟ್ಟಿಗೆ ಅಷ್ಟೇ ಮುಖ್ಯವಾದ ಇನ್ನೊಂದು ಕಥೆ ಇದೆ. 1942ರ ಕಾಫಿ ಕಾಯ್ದೆಯ ಬಳಿಕ ಬೆಳೆಗಾರರು ತಾವು ಬೆಳೆದ ಕಾಫಿಯನ್ನು ಕಾಫಿ ಮಂಡಳಿಯ ಸಂಗ್ರಹಕ್ಕೇ ಒಪ್ಪಿಸಬೇಕಾಗಿತ್ತು. ಮಂಡಳಿ ಅದನ್ನು ಹರಾಜು ಹಾಕುತ್ತಿತ್ತು, ಬೆಳೆಗಾರರಿಗೆ ಹಣ ಕಂತುಕಂತಾಗಿ ಬರುತ್ತಿತ್ತು. ತೊಂಬತ್ತರ ದಶಕದಲ್ಲಿ ಈ ಕಟ್ಟು ಹಂತಹಂತವಾಗಿ ಸಡಿಲಗೊಂಡು 1996ರ ಹೊತ್ತಿಗೆ ಬೆಳೆಗಾರರು ತಮ್ಮ ಇಡೀ ಬೆಳೆಯನ್ನು ತಾವೇ ಮಾರುವ ಸ್ವಾತಂತ್ರ್ಯ ಪಡೆದರು. ಬೆಳೆಗಾರರು, ವರ್ತಕರು, ಹುರಿಯುವವರು ಒಂದೇ ಬೀದಿಯಲ್ಲಿ ನೇರವಾಗಿ ವ್ಯವಹರಿಸುವ ಇಂದಿನ ಚಿತ್ರ ಗಟ್ಟಿಯಾದದ್ದು ಆಮೇಲೆ. ತೋಟದ ಹೆಸರನ್ನೇ ಹಾಕಿಕೊಂಡ ಪೊಟ್ಟಣಗಳು ಅಂಗಡಿಯ ಕಪಾಟಿನಲ್ಲಿ ಕಂಡರೆ ಅದರ ಹಿಂದೆ ಈ ಬದಲಾವಣೆ ಇದೆ.

ಅಂಗಡಿಗೆ ಹೋದ ಕೂಡಲೇ “ಒಳ್ಳೆಯ ಕಾಫಿ ಕೊಡಿ” ಎಂದು ಕೇಳಬೇಡಿ. ನಿಮ್ಮ ಮನೆಯಲ್ಲಿ ಕಾಫಿ ಹೇಗೆ ಮಾಡುತ್ತೀರಿ ಎಂದು ಹೇಳಿ. ಹಿತ್ತಾಳೆಯದೋ ಸ್ಟೀಲಿನದೋ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಸಿ ಹಾಲು ಬೆರೆಸುವವರಿಗೆ ಬೇಕಾದ ಪುಡಿಯೇ ಬೇರೆ, ಬಟ್ಟೆಯಲ್ಲಿ ಸೋಸುವವರಿಗೆ ಬೇಕಾದದ್ದೇ ಬೇರೆ, ಹಾಲಿಲ್ಲದೆ ಕುಡಿಯುವವರಿಗೆ ಬೇಕಾದದ್ದೇ ಬೇರೆ. ಅಂಗಡಿಯವರು ಬಳಸುವ ಮಾತುಗಳನ್ನು ಸ್ವಲ್ಪ ತಿಳಿದುಕೊಂಡಿದ್ದರೆ ಆಯ್ಕೆ ಸುಲಭ. ಹಣ್ಣಿನ ಸಿಪ್ಪೆ ತೆಗೆದು, ತೊಳೆದು ಒಣಗಿಸಿದ ಅರೇಬಿಕಾಕ್ಕೆ ‘ಪ್ಲಾಂಟೇಶನ್’ ಎನ್ನುತ್ತಾರೆ. ಹಾಗೆಯೇ ತೊಳೆದ ರೊಬಸ್ಟಾ ‘ಪಾರ್ಚ್‌ಮೆಂಟ್’. ಹಣ್ಣನ್ನು ಸಿಪ್ಪೆ ಸಮೇತ ಕಣದಲ್ಲಿ ಒಣಗಿಸಿ ಆಮೇಲೆ ಸುಲಿದದ್ದು ‘ಚೆರಿ’. ಎ, ಎಬಿ, ಸಿ ಎಂಬುವು ಜರಡಿಯಲ್ಲಿ ಬೇರ್ಪಡಿಸಿದ ಬೀಜದ ಗಾತ್ರವನ್ನು ಹೇಳುತ್ತವೆ. ‘ಪಿಬಿ’ ಎಂದರೆ ಪೀಬೆರಿ: ಸಾಮಾನ್ಯವಾಗಿ ಒಂದು ಹಣ್ಣಿನಲ್ಲಿ ಎರಡು ಚಪ್ಪಟೆ ಬೀಜಗಳಿರುತ್ತವೆ, ಕೆಲವು ಹಣ್ಣುಗಳಲ್ಲಿ ಒಂದೇ ಬೀಜ ಬೆಳೆದು ದುಂಡಗಾಗುತ್ತದೆ, ಅದನ್ನು ಆರಿಸಿ ಬೇರೆ ಮಾರುತ್ತಾರೆ. ದುಂಡು ಬೀಜ ಸಮನಾಗಿ ಹುರಿಯುತ್ತದೆ ಎಂಬುದು ಹುರಿಯುವವರ ಅನುಭವ, ಅದಕ್ಕಾಗಿಯೇ ಹಳಬರು ಪಿಬಿಯನ್ನೇ ಕೇಳಿ ಪಡೆಯುತ್ತಾರೆ. ಅರೇಬಿಕಾದಲ್ಲಿ ಪರಿಮಳವೂ ಹದವಾದ ಹುಳಿಯೂ ಹೆಚ್ಚು. ರೊಬಸ್ಟಾದಲ್ಲಿ ಕಹಿ, ಗಟ್ಟಿತನ ಮತ್ತು ಕೆಫೀನ್ ಹೆಚ್ಚು, ಕೆಫೀನಂತೂ ಅರೇಬಿಕಾದ ಹೆಚ್ಚುಕಡಿಮೆ ಎರಡು ಪಟ್ಟು. ಹಾಲು ಹಾಕಿ ಕುಡಿಯುವ ಮನೆಯವರಿಗೆ ಪ್ಲಾಂಟೇಶನ್ನಿಗೆ ಸ್ವಲ್ಪ ರೊಬಸ್ಟಾ ಸೇರಿಸಿದ ಮಿಶ್ರಣ ಚೆನ್ನಾಗಿ ಹೊಂದುತ್ತದೆ.

ಚಿಕೋರಿಯ ಪ್ರಶ್ನೆಯನ್ನು ಮುಚ್ಚುಮರೆಯಿಲ್ಲದೆ ಕೇಳಬೇಕು. ಚಿಕೋರಿ ಎಂಬುದು ಗುಜರಾತ್, ಉತ್ತರ ಪ್ರದೇಶಗಳಲ್ಲಿ ಹೆಚ್ಚಾಗಿ ಬೆಳೆಯುವ ಒಂದು ಗಿಡದ ಬೇರು. ಹುರಿದು ಪುಡಿ ಮಾಡಿ ಕಾಫಿಗೆ ಸೇರಿಸಿದರೆ ಡಿಕಾಕ್ಷನ್ ಗಟ್ಟಿಯಾಗಿ, ಕಪ್ಪಾಗಿ ಇಳಿಯುತ್ತದೆ. ಆಹಾರ ಸುರಕ್ಷತಾ ನಿಯಮದ ಪ್ರಕಾರ ಕಾಫಿ–ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇ. 51ಕ್ಕಿಂತ ಕಡಿಮೆ ಇರಬಾರದು, ಪ್ರಮಾಣವನ್ನು ಪೊಟ್ಟಣದ ಮೇಲೆ ಬರೆಯಲೇಬೇಕು. ನಿಮಗೆ ಚಿಕೋರಿಯ ರುಚಿ ರೂಢಿಯಾಗಿದ್ದರೆ 80:20 (ಕಾಫಿ 80, ಚಿಕೋರಿ 20) ಎಂದು ಕೇಳಿ ಆರಂಭಿಸಿ. ಇಲ್ಲದಿದ್ದರೆ “ಚಿಕೋರಿ ಬೇಡ, ಬರೀ ಕಾಫಿ” ಎಂದು ಹೇಳಿ. ಎರಡರಲ್ಲಿಯೂ ಕೀಳು ಮೇಲು ಎಂಬುದಿಲ್ಲ, ಆದರೆ ಕಾಫಿಯ ಬೆಲೆ ಕೊಟ್ಟು ಬೇರು ಕೊಳ್ಳುವುದು ಸರಿಯಲ್ಲ. ಇನ್ನು ಪರಿಮಳದ ವಿಷಯ: ಯಾವ ದಿನ ಹುರಿದದ್ದು ಎಂದು ಕೇಳಿ, ಸಾಧ್ಯವಿದ್ದರೆ ನಿಮ್ಮೆದುರೇ ಪುಡಿ ಮಾಡಿಸಿಕೊಳ್ಳಿ. ಬೀಜ ಯಂತ್ರಕ್ಕೆ ಬಿದ್ದ ಗಳಿಗೆಯಲ್ಲಿ ಅಂಗಡಿಯನ್ನು ತುಂಬುವ ಆ ಘಮ ಬೀದಿಯ ಆಚೆ ಬದಿಗೂ ಬರುತ್ತದೆ, ಪೇಟೆಯ ಹಳೆಯ ಕಾಫಿ ಅಂಗಡಿಯನ್ನು ಹುಡುಕಲು ಫಲಕಕ್ಕಿಂತ ಅದೇ ನಂಬಿಕೆಯ ಗುರುತು. ಪುಡಿ ಮಾಡಿದ ಕಾಫಿಯ ಪರಿಮಳ ಕೆಲವು ವಾರಗಳಲ್ಲಿ ಇಳಿಯುತ್ತದೆ. ಆದ್ದರಿಂದ ಅಗ್ಗವಾಯಿತೆಂದು ಎರಡು ಕಿಲೋ ಹೊತ್ತುಕೊಂಡು ಹೋಗುವ ಬದಲು ಕಾಲು ಕಿಲೋ ಪುಡಿ, ಮಿಕ್ಕದ್ದು ಹುರಿದ ಬೀಜ ಎಂದು ಕೊಳ್ಳುವುದು ಜಾಣತನ. ‘ಚಿಕ್ಕಮಗಳೂರು ಅರೇಬಿಕಾ’ ಮತ್ತು ‘ಬಾಬಾಬುಡನ್‌ಗಿರೀಸ್ ಅರೇಬಿಕಾ’ ಎಂಬ ಹೆಸರುಗಳಿಗೆ 2019ರಲ್ಲಿ ಭೌಗೋಳಿಕ ಸೂಚಕದ, ಅಂದರೆ ಸರಕು ಇಂಥ ಪ್ರದೇಶದ್ದೇ ಎಂಬ ಗುರುತಿನ, ಮಾನ್ಯತೆ ಸಿಕ್ಕಿದೆ. ಆ ಹೆಸರನ್ನು ಹೇಳಿ ಮಾರುವವರನ್ನು ಯಾವ ತೋಟದ್ದು, ಯಾವ ಕೊಯ್ಲಿನದ್ದು ಎಂದು ವಿಚಾರಿಸಲು ಸಂಕೋಚಪಡಬೇಕಿಲ್ಲ.

ಮೆಣಸು, ಏಲಕ್ಕಿ, ಜೇನು

ಕಾಫಿ ತೋಟದ ನೆರಳಿನ ಮರಗಳಿಗೆ ಹಬ್ಬಿಸಿದ ಬಳ್ಳಿಯಿಂದಲೇ ಬರುವ ಕಾಳುಮೆಣಸು ಇಲ್ಲಿ ಕೊಳ್ಳಲು ಯೋಗ್ಯ. ಒಂದು ಹಿಡಿ ತೆಗೆದುಕೊಂಡು ಅಂಗೈಯಲ್ಲಿ ತೂಗಿ ನೋಡಿ, ಬಲಿತ ಕಾಳು ಗಟ್ಟಿಯಾಗಿ ತೂಕವಾಗಿರುತ್ತದೆ. ವರ್ತಕರೂ ಒಂದು ಲೀಟರ್ ಅಳತೆಯಲ್ಲಿ ಎಷ್ಟು ಗ್ರಾಂ ಹಿಡಿಯುತ್ತದೆ ಎಂಬುದರ ಮೇಲೆಯೇ ಅದರ ಬೆಲೆ ಕಟ್ಟುತ್ತಾರೆ. ಎಣ್ಣೆ ಹಚ್ಚಿದಂತೆ ಮಿರುಗುವ ಕಾಳು ಬೇಡ. ಮನೆಗೆ ಬಂದ ಮೇಲೆ ನೀರಿಗೆ ಹಾಕಿದರೆ ಬಲಿತ ಮೆಣಸು ತಳ ಸೇರುತ್ತದೆ, ಪಪ್ಪಾಯಿ ಬೀಜದ ಕಲಬೆರಕೆ ಇದ್ದರೆ ಅದು ತೇಲುತ್ತದೆ. ಏಲಕ್ಕಿಯ ಹಸಿರು ಅತಿಯಾಗಿ ಹೊಳೆಯುತ್ತಿದ್ದರೆ ಒದ್ದೆ ಬಟ್ಟೆಯಲ್ಲಿ ಉಜ್ಜಿ ನೋಡಿ, ಬಣ್ಣ ಬಿಟ್ಟರೆ ಕೊಳ್ಳಬೇಡಿ. ಜೇನು ತಣ್ಣನೆಯ ದಿನಗಳಲ್ಲಿ ಹರಳುಗಟ್ಟುವುದು ದೋಷವಲ್ಲ. ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳಗಳನ್ನು ಮನೆಯಲ್ಲಿ ಮಾಡಿ ಅಂಗಡಿಗೆ ಕೊಡುವ ಹೆಂಗಸರು ಸುತ್ತಲಿನ ಹಳ್ಳಿಗಳಲ್ಲಿ ಅನೇಕರಿದ್ದಾರೆ. ದೊಡ್ಡ ಕಂಪನಿಯ ಬಾಟಲಿಗಿಂತ ಅಂಥವರ ಸರಕನ್ನೇ ಕೇಳಿ ಪಡೆಯಿರಿ.

ಬುಧವಾರದ ಸಂತೆ

ಚಿಕ್ಕಮಗಳೂರು ಮಲೆನಾಡು ಮತ್ತು ಬಯಲುಸೀಮೆಗಳು ಕೂಡುವ ಅಂಚಿನಲ್ಲಿದೆ, ಇದು ನಕ್ಷೆಗಿಂತ ಚೆನ್ನಾಗಿ ತಿಳಿಯುವುದು ಸಂತೆಯಲ್ಲಿ. ಕಡೂರು, ಅಜ್ಜಂಪುರದ ಕಡೆಯ ಈರುಳ್ಳಿ, ತೆಂಗಿನಕಾಯಿ, ರಾಗಿ ಒಂದು ಕಡೆ ಇದ್ದರೆ, ಬೆಟ್ಟದ ಕಡೆಯಿಂದ ಬಂದ ಬಾಳೆಗೊನೆ, ಕೆಸುವಿನ ಗೆಡ್ಡೆ, ಸೊಪ್ಪು, ಗಾಂಧಾರಿ ಮೆಣಸು ಇನ್ನೊಂದು ಕಡೆ. ತೋಟದ ಕಾರ್ಮಿಕರಿಗೆ ವಾರದ ಬಟವಾಡೆಯೂ ಸಂತೆಯೂ ಜೊತೆಜೊತೆಗೇ ಸಾಗಿಬಂದ ಸಂಗತಿಗಳು; ಸಂತೆಯ ದಿನವೇ ರಜೆ ಕೊಡುವ ತೋಟಗಳು ಅನೇಕ ಇವೆ. ಹೀಗಾಗಿ ಆ ದಿನ ಪೇಟೆಯ ಬಟ್ಟೆ ಅಂಗಡಿ, ಪಾತ್ರೆ ಅಂಗಡಿ, ಹೋಟೆಲುಗಳಲ್ಲಿಯೂ ಜನ ತುಂಬಿರುತ್ತಾರೆ. ಬೆಳಿಗ್ಗೆ ಬೇಗ ಹೋದರೆ ಸರಕು ತಾಜಾ ಇರುತ್ತದೆ, ಸಂಜೆ ಹೋದರೆ ಬೆಲೆ ಇಳಿದಿರುತ್ತದೆ. ನೋಡಲು ಬಂದವರು ಬೆಳಿಗ್ಗೆಯೇ ಹೋಗಬೇಕು, ಏಕೆಂದರೆ ಸಂಜೆಯ ಹೊತ್ತು ವಾರದ ಸಾಮಾನನ್ನು ಕಡಿಮೆ ಹಣದಲ್ಲಿ ತುಂಬಿಕೊಳ್ಳಬೇಕಾದ ಜನರದ್ದು. ಅವರ ನಡುವೆ ನಾವು ಕ್ಯಾಮೆರಾ ಹಿಡಿದು ದಾರಿಗೆ ಅಡ್ಡ ನಿಲ್ಲುವುದು ನ್ಯಾಯವಲ್ಲ.

ಮಳೆಗಾಲದ ಸಂತೆಯಲ್ಲಿ ಕಳಲೆ ಕಂಡರೆ, ಮಾಡುವ ಕ್ರಮ ಗೊತ್ತಿದ್ದರೆ ಮಾತ್ರ ಕೊಳ್ಳಿ. ಎಳೆ ಬಿದಿರಿನ ಈ ಮೊಳಕೆಯನ್ನು ಹೆಚ್ಚಿ, ಪ್ರತಿದಿನ ನೀರು ಬದಲಿಸುತ್ತಾ ಎರಡು ಮೂರು ದಿನ ನೆನೆಸಿ, ಬೇಯಿಸಿ ನೀರು ಚೆಲ್ಲಿದ ಮೇಲೆಯೇ ಅಡುಗೆಗೆ ಬಳಸಬೇಕು. ಹಸಿ ಕಳಲೆಯಲ್ಲಿ ವಿಷದ ಅಂಶವಿರುತ್ತದೆ. ಹೆಸರು ತಿಳಿಯದ ಕಾಡು ಅಣಬೆಯ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಮಾರುವ ಅಜ್ಜಿಯನ್ನು “ಇದನ್ನು ಹೇಗೆ ಮಾಡ್ತೀರಮ್ಮಾ?” ಎಂದು ಕೇಳಿದರೆ ಹೇಳಿಕೊಡುತ್ತಾರೆ.

ಮಾತು, ಬೆಲೆ, ಚಿತ್ರ

ಹಳೆಯ ಅಂಗಡಿಗಳಲ್ಲಿ ಗಲ್ಲಾದ ಮುಂದೆ ಕುಳಿತ ಹಿರಿಯರನ್ನು “ಯಜಮಾನ್ರೇ” ಎಂದೋ “ಸ್ವಾಮಿ” ಎಂದೋ, ಸಂತೆಯಲ್ಲಿ ಕುಳಿತವರನ್ನು “ಅಣ್ಣಾ”, “ಅಕ್ಕಾ”, “ಅಮ್ಮಾ” ಎಂದೋ ಕರೆದು ಮಾತು ಆರಂಭಿಸಿ. ಬಾಗಿಲು ತೆರೆದ ಕೂಡಲೇ ಹೋದರೆ ನಿಮ್ಮದು ಬೋಣಿಯ ವ್ಯಾಪಾರವಾಗುತ್ತದೆ. ಆಗ ಚೌಕಾಸಿ ಮಾಡಿ ಬರಿಗೈಯಲ್ಲಿ ಎದ್ದು ಬರುವುದು ಅಂಗಡಿಯವರ ಮನಸ್ಸಿಗೆ ನೋವು ಕೊಡುತ್ತದೆ, ಕಡಿಮೆ ಬೆಲೆಯದ್ದಾದರೂ ಸರಿ ಏನನ್ನಾದರೂ ಕೊಳ್ಳಿ. ಕಾಫಿ ಪುಡಿ, ಮಸಾಲೆಗಳಿಗೆ ಬೆಲೆ ನಿಗದಿಯಾಗಿರುತ್ತದೆ, ಅಲ್ಲಿ ಚೌಕಾಸಿ ಬೇಡ. ಸಂತೆಯಲ್ಲಿ ಒಂದೆರಡು ಮಾತಿನ ಚೌಕಾಸಿ ವಾಡಿಕೆಯೇ ಆದರೂ, ಬೆಲೆ ಇಳಿಸುವುದಕ್ಕಿಂತ ಕೊಸರು ಕೇಳುವುದು ಹಳೆಯ ಕ್ರಮ. ಒಂದು ಹಿಡಿ ಸೊಪ್ಪನ್ನೋ ನಾಲ್ಕು ಮೆಣಸಿನಕಾಯಿಯನ್ನೋ ಅವರು ತಾವಾಗಿಯೇ ಚೀಲಕ್ಕೆ ಹಾಕುತ್ತಾರೆ. ಮೊಬೈಲಿನಲ್ಲಿ ಹಣ ಕಳಿಸುವುದು ಎಲ್ಲೆಡೆ ನಡೆಯುತ್ತದೆಯಾದರೂ ಸಂತೆಗೆ ಚಿಲ್ಲರೆ ಇಟ್ಟುಕೊಂಡು ಹೋಗಿ. ರಾಜ್ಯದಲ್ಲಿ ಪ್ಲಾಸ್ಟಿಕ್ ಚೀಲಕ್ಕೆ 2016ರಿಂದ ನಿಷೇಧವಿದೆ. ಬಟ್ಟೆಯ ಚೀಲ ಮರೆಯಬಾರದು.

ಚಿತ್ರ ತೆಗೆಯುವ ಮುಂಚೆ ಕೇಳಿ, ಅದೂ ಏನನ್ನಾದರೂ ಕೊಂಡ ಮೇಲೆ ಕೇಳಿ. ಕಟ್ಟಡದ ಹೊರಭಾಗಕ್ಕೆ ಯಾರ ಆಕ್ಷೇಪವೂ ಇರುವುದಿಲ್ಲ. ಒಳಗಿನ ತೊಲೆ, ಅಟ್ಟ, ಹಳೆಯ ತಕ್ಕಡಿಗಳನ್ನು ತೆಗೆಯಬೇಕೆಂದರೆ ಯಜಮಾನರು ಬಹುತೇಕ ಒಪ್ಪುತ್ತಾರೆ. ದುಡಿಯುವ ಹೆಂಗಸರ, ಮಕ್ಕಳ ಮುಖವನ್ನು ಅವರ ಒಪ್ಪಿಗೆ ಇಲ್ಲದೆ ತೆಗೆಯಲೇಬಾರದು.

ಊಟ ಮತ್ತು ಹಿಂದಿರುಗುವ ಸಿದ್ಧತೆ

ಬೆಳಿಗ್ಗೆ ಟೌನ್ ಕ್ಯಾಂಟೀನ್‌ನಲ್ಲಿ ದೋಸೆ ತಿಂದು ಪೇಟೆ ಸುತ್ತಲು ಹೊರಡುವುದು ಊರಿನವರೂ ಒಪ್ಪುವ ಕ್ರಮ; ಅದು ದಿನವಿಡೀ ನಡೆಯುವ ಹೋಟೆಲಲ್ಲ, ಆದ್ದರಿಂದ ತಡ ಮಾಡಬೇಡಿ. ಮಧ್ಯಾಹ್ನ ಅಕ್ಕಿ ರೊಟ್ಟಿ, ಕಡುಬು ಸಿಗುವ ಸಣ್ಣ ಹೋಟೆಲನ್ನು ಅಂಗಡಿಯವರನ್ನೇ ಕೇಳಿ ಹುಡುಕಿಕೊಳ್ಳಿ. ಸಂಜೆ ಸ್ವಲ್ಪ ಸಮಯ ಉಳಿದರೆ ಊರಿಗೆ ಸೇರಿಕೊಂಡಿರುವ ಹಿರೇಮಗಳೂರಿಗೆ ಹೋಗಿ ಕೋದಂಡರಾಮ ದೇವಸ್ಥಾನ ನೋಡಬಹುದು. ಅಲ್ಲಿ ಪೂಜೆ ಕನ್ನಡದಲ್ಲಿಯೇ ನಡೆಯುತ್ತದೆ.

ಕೊಂಡದ್ದನ್ನು ಕಟ್ಟುವಾಗ ಒಂದು ಎಚ್ಚರ. ಕಾಫಿ ಪುಡಿ ಅಕ್ಕಪಕ್ಕದ ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ. ಏಲಕ್ಕಿ, ಮೆಣಸು, ಉಪ್ಪಿನಕಾಯಿಗಳನ್ನು ಬೇರೆ ಚೀಲದಲ್ಲಿ ಹಾಕಿಸಿ, ಕಾಫಿಯ ಪೊಟ್ಟಣವನ್ನು ಬಟ್ಟೆಗಳ ನಡುವೆ, ಕಾರಿನ ಬಿಸಿಲು ತಾಗದ ಕಡೆ ಇಡಿ. ಮನೆ ತಲುಪಿದ ದಿನವೇ ಗಾಳಿಯಾಡದ ಡಬ್ಬಿಗೆ ತುಂಬಿ. ಆ ಪುಡಿ ನಿಮ್ಮ ಮನೆಗೆ ಒಗ್ಗಿದರೆ ಅಂಗಡಿಯ ಫೋನ್ ಸಂಖ್ಯೆಯೂ ನಿಮ್ಮ ಮಿಶ್ರಣದ ಪ್ರಮಾಣವೂ ಪೊಟ್ಟಣದ ಮೇಲೆಯೇ ಬರೆದಿರುವಂತೆ ನೋಡಿಕೊಳ್ಳಿ. ಬೇಕಾದಾಗ ಹೊಸದಾಗಿ ಹುರಿದು ಕೊರಿಯರ್‌ನಲ್ಲಿ ಕಳಿಸಿಕೊಡುವ ಅಂಗಡಿಗಳು ಈಗ ಪೇಟೆಯಲ್ಲಿವೆ.